ಮುಗ್ಗಲು ವಾಸನೆಯ ಲೆಕ್ಕ: ಸ್ಕಂದಗಿರಿಯ ಮಂಜು, ಹಾಸ್ಟೆಲ್ ರೂಮು, ಶಿಡ್ಲಘಟ್ಟದ ಹುಳುಮನೆ

ಭಾನುವಾರ ಯಾರು ಸ್ಕಂದಗಿರಿ ಹತ್ತಿದ್ರು ಅಂತ ತಿಳಿಯೋಕೆ ಇನ್‌ಸ್ಟಾಗ್ರಾಂ ನೋಡಬೇಕಿಲ್ಲ. ಬುಧವಾರ ಹಾಸ್ಟೆಲ್ ಕಾರಿಡಾರ್‌ನಲ್ಲಿ ಒಂದು ಸುತ್ತು ನಡೆದರೆ ಸಾಕು, ಮೂಗೇ ಹೇಳುತ್ತೆ. ಬೆಳಗಿನ ಜಾವ ಕಳವಾರ ಊರಿನಿಂದ ಹೊರಟು, ಮಂಜಿನೊಳಗೆ ಸುಮಾರು 1450 ಮೀಟರ್ ಎತ್ತರದ ಬೆಟ್ಟ ಹತ್ತಿ ಇಳಿದವರ ಶೂ, ಬ್ಯಾಗು, ಜಾಕೆಟ್ಟು ಎಲ್ಲವೂ ಮಂಚದ ಕೆಳಗೆ ಸೇರಿರುತ್ತವೆ. ಮೂರು ದಿನಕ್ಕೆ ಮುಗ್ಗಲು ವಾಸನೆ, ವಾರಕ್ಕೆ ಬೂಷ್ಟು.

ಇದನ್ನು ಬರೀ ಗಲೀಜು ಅಂತ ಬೈದು ಬಿಡಬಹುದಿತ್ತು. ಆದರೆ ದಮ್ಮು ಇರುವ ಒಬ್ಬ ಹುಡುಗ ಆ ರೂಮಿನಲ್ಲಿದ್ದರೆ ಮಾತು ಬೇರೆ. ತೇವ ಮತ್ತು ಬೂಷ್ಟು ಇರುವ ಕಟ್ಟಡಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇದೇ ವಿಷಯಕ್ಕೆ ಒಂದು ಮಾರ್ಗಸೂಚಿ ಹೊರಡಿಸಿದೆ. ರಾತ್ರಿ ಎರಡು ಗಂಟೆಗೆ ಇನ್ಹೇಲರ್ ಹುಡುಕುವ ರೂಮ್‌ಮೇಟ್‌ನ ಕಂಡವರಿಗೆ ಮಾರ್ಗಸೂಚಿಯೂ ಬೇಕಿಲ್ಲ ಅನ್ನಿ.

ಮೊದಲು ಲೆಕ್ಕ. ನಾವು ಇಂಜಿನಿಯರಿಂಗ್‌ನವರು, ಲೆಕ್ಕ ಹಾಕದೆ ಏನನ್ನೂ ನಂಬಬಾರದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ರೂಮು ಅಂದರೆ ಸುಮಾರು 34 ಘನ ಮೀಟರ್ ಗಾಳಿ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತೆ. ಮಳೆಗಾಲದಲ್ಲಿ ಹ್ಯುಮಿಡಿಟಿ 80 ಪರ್ಸೆಂಟ್ ಇದೆ ಅಂದುಕೊಳ್ಳಿ: ಆಗಲೇ ರೂಮಿನ ಗಾಳಿಯಲ್ಲಿ 625 ಗ್ರಾಂ ನೀರಿದೆ, ಇನ್ನು ಜಾಗ ಇರುವುದು ಹೆಚ್ಚುಕಡಿಮೆ 155 ಗ್ರಾಮಿಗೆ. ಒಂದು ಲೋಟ ನೀರು, ಅಷ್ಟೇ. ಈಗ ಒಂದು ಬಕೆಟ್ ಬಟ್ಟೆ ಹಿಂಡಿ ರೂಮಿನೊಳಗೇ ಹಗ್ಗ ಕಟ್ಟಿ ಹಾಕಿ. ಅದರಲ್ಲಿ ಕಮ್ಮಿ ಅಂದ್ರೂ ಲೀಟರ್ ನೀರು ಇರುತ್ತೆ. ಕಿಟಕಿ ಮುಚ್ಚಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಹಾಸಿಗೆಗೆ, ಪುಸ್ತಕಕ್ಕೆ, ಗೋಡೆಗೆ.

ಫ್ಯಾನ್ ಐದರಲ್ಲಿ ಇಟ್ಟಿದ್ದೀವಲ್ಲ ಅಂತೀರಿ. ಫ್ಯಾನು ನೀರನ್ನು ರೂಮಿನಿಂದ ಹೊರಗೆ ಕಳಿಸಲ್ಲ, ಬಟ್ಟೆಯಿಂದ ಬೇಗ ಎಬ್ಬಿಸಿ ಮಿಕ್ಕ ಸಾಮಾನಿಗೆ ಹಂಚುತ್ತೆ. ಕಿಟಕಿ ತೆರೆದಿದ್ದರೆ ಮಾತ್ರ ಫ್ಯಾನಿಗೆ ಅರ್ಥ.

ಇನ್ನು ಗೋಡೆ. 25 ಡಿಗ್ರಿ, 80 ಪರ್ಸೆಂಟ್ ಗಾಳಿಯ ಇಬ್ಬನಿ ಬಿಂದು ಸುಮಾರು 21 ಡಿಗ್ರಿ. ಬಾಯಿಲೆಕ್ಕ ಬೇಕಿದ್ದರೆ, ನೂರಕ್ಕೆ ಎಷ್ಟು ಕಮ್ಮಿ ಇದೆಯೋ ಅದನ್ನು ಐದರಿಂದ ಭಾಗಿಸಿ ಉಷ್ಣತೆಯಿಂದ ಕಳೆಯಿರಿ, ಸಾಕಷ್ಟು ಹತ್ತಿರ ಬರುತ್ತೆ. ಹೊರಗೋಡೆ 20 ಡಿಗ್ರಿಗೆ ತಣ್ಣಗಾದರೆ ಅದರ ಮೇಲೆ ಹನಿ ಕೂರುತ್ತೆ. ತಮಾಷೆ ಏನಂದ್ರೆ ಹನಿ ಕಾಣದಿದ್ದರೂ ಅಪಾಯ ಇದ್ದೇ ಇದೆ. ಗೋಡೆ 22 ಡಿಗ್ರಿ ಇದ್ದರೆ ನೀರೇನೂ ಕಾಣಲ್ಲ, ಆದರೆ ಅದನ್ನು ಮುಟ್ಟಿಕೊಂಡಿರುವ ಗಾಳಿಯ ಹ್ಯುಮಿಡಿಟಿ 95 ಪರ್ಸೆಂಟ್! ಬೂಷ್ಟಿಗೆ ಅಷ್ಟು ಧಾರಾಳ ಸಾಕು. ಕಬ್ಬಿಣದ ಬೀರು ಹೊರಗೋಡೆಗೆ ಅಂಟಿಸಿ ಇಟ್ಟ ರೂಮುಗಳಲ್ಲಿ ಬೀರುವಿನ ಹಿಂದೆಯೇ ಕರಿಚುಕ್ಕೆ ಬರುವುದು ಇದಕ್ಕೇ. ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಗಾಳಿ ಆಡಲಿ.

ದೋಣಿ, ಹಡಗುಗಳ ಕ್ಯಾಬಿನ್ನಿನಲ್ಲೂ ಇದೇ ಕಥೆ. ಹೊರಗೆ ತಣ್ಣನೆಯ ನೀರು, ಒಳಗೆ ಮನುಷ್ಯರ ಉಸಿರು, ಒದ್ದೆ ಬಟ್ಟೆ. ಅದಕ್ಕೇ ಒಳ್ಳೆಯ ದೋಣಿಗಳಲ್ಲಿ ಕಪಾಟಿನ ಬಾಗಿಲಿಗೆ ಸೀಳು ಬಿಟ್ಟಿರ್ತಾರೆ, ಹಾಸಿಗೆ ಕೆಳಗೆ ಹಲಗೆ ಬದಲು ಪಟ್ಟಿ ಹಾಕಿರ್ತಾರೆ. ಮಲ್ಪೆ, ಮಂಗಳೂರು ಕಡೆಯ ಗೆಳೆಯರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ಬಯಲುಸೀಮೆಯ ನಾವೇ ಮಳೆಗಾಲಕ್ಕೆ ತಯಾರಿಲ್ಲದವರು.

ತಯಾರಿಲ್ಲ ಅಂದದ್ದು ತಪ್ಪಾಯ್ತೇನೋ, ಯಾಕಂದ್ರೆ ತೇವದ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲೇ ಪಂಡಿತರಿದ್ದಾರೆ: ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರು. ಅವರಿಗೆ ಹ್ಯುಮಿಡಿಟಿ ಅನ್ನೋದು ಪರೀಕ್ಷೆಯ ಪ್ರಶ್ನೆಯಲ್ಲ, ಒಂದು ಬೆಳೆಯ ದುಡ್ಡು. ಚಾಕಿ ಹುಳುವಿಗೆ 85ರಿಂದ 90 ಪರ್ಸೆಂಟ್ ತೇವ ಬೇಕು, ದೊಡ್ಡ ಹುಳುವಿಗೆ 70ರ ಆಸುಪಾಸು ಸಾಕು. ಹಣ್ಣಾಗಿ ಚಂದ್ರಂಕಿಗೆ ಏರಿದ ಮೇಲೆ ಇನ್ನೂ ಒಣಗಿರಬೇಕು, ಗಾಳಿ ಆಡಬೇಕು. ಬೇಸಿಗೆಯಲ್ಲಿ ಗೋಣಿತಾಟು ಒದ್ದೆ ಮಾಡಿ ಕಟ್ಟುವ ಅದೇ ಕೈ, ಮಳೆ ಚಳಿ ಬಂದಾಗ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಹೀರಿಸುತ್ತೆ.

ತೇವ ಹೆಚ್ಚಾದರೆ ಬರುವುದು ಸುಣ್ಣಕಟ್ಟು ರೋಗ. ಅದೂ ಒಂದು ಬೂಷ್ಟೇ. ಹುಳು ಸತ್ತು ಗಟ್ಟಿಯಾಗಿ, ಮೈಯೆಲ್ಲ ಬೆಳ್ಳಗೆ, ಸೀಮೆಸುಣ್ಣದ ತುಂಡಿನ ಹಾಗಾಗುತ್ತೆ. ಇಟಲಿಯ ಅಗೊಸ್ಟಿನೊ ಬಾಸ್ಸಿ ಈ ರೋಗಕ್ಕೆ ಒಂದು ಸೂಕ್ಷ್ಮಜೀವಿ ಕಾರಣ ಅಂತ 1835ರಲ್ಲಿ ತೋರಿಸಿಕೊಟ್ಟ, ಲೂಯಿ ಪಾಶ್ಚರ್ ರೇಷ್ಮೆಹುಳುವಿನ ಕಡೆ ತಿರುಗುವುದಕ್ಕೆ ಮೂವತ್ತು ವರ್ಷ ಮೊದಲೇ. ಆ ಶಿಲೀಂಧ್ರಕ್ಕೆ ಬ್ಯೂವೇರಿಯಾ ಬಾಸ್ಸಿಯಾನಾ ಅಂತ ಅವನದೇ ಹೆಸರು. ರೋಗಾಣು ಅನ್ನುವ ವಿಚಾರದ ಚರಿತ್ರೆಯಲ್ಲಿ ರೇಷ್ಮೆಹುಳುವಿಗೆ ಇಷ್ಟು ದೊಡ್ಡ ಜಾಗ ಇದೆ ಅಂತ ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಳುಮನೆಯ ಎರಡು ನಿಯಮ ನಮ್ಮ ರೂಮಿಗೂ ಹೊಂದುತ್ತವೆ. ಸತ್ತ ಹುಳುವನ್ನು ಬೆಳ್ಳಗಾಗುವ ಮೊದಲೇ ಆರಿಸಿ ಸುಡಬೇಕು, ಯಾಕಂದ್ರೆ ಆ ಬಿಳಿ ಪುಡಿಯೇ ಬೀಜ. ಹಾಗೇ ಬೂಷ್ಟು ಹಿಡಿದ ಬ್ಯಾಗನ್ನು ರೂಮಿನೊಳಗೆ ಕೊಡವಬೇಡಿ, ಒಣ ಬ್ರಷ್ಷಿನಲ್ಲಿ ಗೋಡೆ ಉಜ್ಜಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಸೋಪಿನ ನೀರಿಂದ ಒರೆಸಿ. ದಮ್ಮು ಇರುವವನನ್ನು ಆ ಹೊತ್ತು ಹೊರಗೆ ಟೀ ಕುಡಿಯೋಕೆ ಕಳಿಸಿ. ಎರಡನೆಯದು, ಬೆಳೆ ಮುಗಿದ ಮೇಲೆ ಮನೆಯನ್ನು ತೊಳೆದು ಸೋಂಕು ತೆಗೆಯುವುದು. ಬೆಳೆಗಾರರು ಬಳಸುವ ದ್ರಾವಣಗಳಲ್ಲಿ ಒಂದು, 2 ಪರ್ಸೆಂಟ್ ಬ್ಲೀಚಿಂಗ್ ಪೌಡರ್, ಜೊತೆಗೆ 0.3 ಪರ್ಸೆಂಟ್ ಅರಳಿದ ಸುಣ್ಣ. ಅಂದರೆ ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್, 3 ಗ್ರಾಂ ಸುಣ್ಣ. ನಮ್ಮ ಬಿಳಿ ಗೋಡೆಗೆ ಬ್ಲೀಚಿಂಗ್ ಅದರಲ್ಲಿ ಅರ್ಧ ಹಾಕಿದರೂ ನಡೆಯುತ್ತೆ. ಒಂದು ಮಾತು ಮಾತ್ರ ಮರೀಬೇಡಿ: ಬ್ಲೀಚಿಂಗ್ ಜೊತೆ ಟಾಯ್ಲೆಟ್ ಕ್ಲೀನರ್ ಆಸಿಡ್ಡಾಗಲಿ, ವಿನೆಗರ್ ಆಗಲಿ ಸೇರಿಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತೆ, ಬಾತ್‌ರೂಮಿನಂಥ ಚಿಕ್ಕ ಜಾಗದಲ್ಲಿ ಅದು ಪ್ರಾಣಕ್ಕೇ ಬರಬಹುದು. ಉಣ್ಣೆ, ರೇಷ್ಮೆ ಬಟ್ಟೆಗೆ ಬ್ಲೀಚಿಂಗ್ ತಾಗಿಸಲೇಬೇಡಿ.

ಗೋಡೆಯೊಳಗೆ ಪೈಪು ಸೋರುತ್ತಿದ್ದರೆ ಇದೆಲ್ಲ ವ್ಯರ್ಥ. ನಾನಿದ್ದ ಒಂದು ಹಾಸ್ಟೆಲ್‌ನಲ್ಲಿ ಪ್ರತಿ ವರ್ಷ ಬೂಷ್ಟಿನ ಮೇಲೇ ಪೇಂಟ್ ಹೊಡೀತಿದ್ರು. ಎರಡು ತಿಂಗಳಿಗೆ ಪೇಂಟ್ ಸಮೇತ ಉದುರಿ ಬೀಳ್ತಿತ್ತು. ಮೊದಲು ಸೋರಿಕೆ ನಿಲ್ಲಿಸಲಿ, ಒಣಗಲಿ, ಆಮೇಲೆ ಪೇಂಟು. ವಾರ್ಡನ್ ಸರ್‌ಗೆ ಅರ್ಜಿ ಬರೆಯುವಾಗ ಫೋಟೋ, ತಾರೀಖು ಎರಡೂ ಹಾಕಿ.

ನುಸಿಗುಳಿಗೆ, ಕರ್ಪೂರ, ಅಗರಬತ್ತಿ ಇವು ಮೂಗಿಗೆ ಮೋಸ ಮಾಡುತ್ತವೆಯೇ ಹೊರತು ಬೂಷ್ಟಿಗೆ ಏನೂ ಮಾಡಲ್ಲ. ಶೂ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಚೀಟಿ ಎಷ್ಟು ಹೀರೀತು? ಹೆಚ್ಚೆಂದರೆ ತನ್ನ ತೂಕದ ಮೂರನೇ ಒಂದು ಭಾಗ ಚಿಲ್ಲರೆ. ಮೇಲಿನ 625 ಗ್ರಾಂ ನೆನಪಿಸಿಕೊಳ್ಳಿ. ಕ್ಯಾಮೆರಾ ಡಬ್ಬಿಗೆ ಸರಿ, ರೂಮಿಗೆ ಆಟಿಕೆ.

ಕಿಟಕಿ ಯಾವಾಗ ತೆಗೀಬೇಕು ಅನ್ನೋದಕ್ಕೂ ಲೆಕ್ಕ ಇದೆ, ಉತ್ತರ ಸ್ವಲ್ಪ ಉಲ್ಟಾ. ಡಿಸೆಂಬರ್ ಬೆಳಗ್ಗೆ ಹೊರಗೆ 14 ಡಿಗ್ರಿ, ದಟ್ಟ ಮಂಜು, ಹ್ಯುಮಿಡಿಟಿ 100. ಒಳಗೆ ಬಿಟ್ಟರೆ ರೂಮು ಒದ್ದೆಯಾಗುತ್ತೆ ಅನ್ನಿಸುತ್ತೆ ಅಲ್ವಾ? ಆ ಗಾಳಿಯಲ್ಲಿರುವ ನೀರಾವಿ ಘನ ಮೀಟರಿಗೆ ಬರೀ 12 ಗ್ರಾಂ. ಅದೇ ಗಾಳಿ ಒಳಗೆ 26 ಡಿಗ್ರಿಗೆ ಬಿಸಿಯಾದರೆ ಹ್ಯುಮಿಡಿಟಿ 50ಕ್ಕೆ ಇಳಿಯುತ್ತೆ. ಮಂಜಿನ ಸಣ್ಣ ಹನಿ ಒಂದಷ್ಟು ಸೇರಿದರೂ ಲೆಕ್ಕ ಹೆಚ್ಚು ಬದಲಾಗಲ್ಲ. ಜುಲೈನಲ್ಲಿ ಹಾಗಲ್ಲ: 22 ಡಿಗ್ರಿ, 90 ಪರ್ಸೆಂಟ್ ಗಾಳಿ ಒಳಗೆ ಬಂದು ಬಿಸಿಯಾದರೂ 70ರ ಮೇಲೇ ನಿಲ್ಲುತ್ತೆ. ಆಗ ಬಟ್ಟೆಯನ್ನು ರೂಮಿನಲ್ಲಿ ಒಣಗಿಸಲೇಬಾರದು, ಟೆರೇಸಿನ ಶೀಟಿನ ಕೆಳಗೋ ಕಾರಿಡಾರಿನ ತುದಿಗೋ ಹಾಕಿ.

ಬೆಟ್ಟದಿಂದ ಬಂದ ದಿನ, ಎಷ್ಟೇ ಸುಸ್ತಾಗಿದ್ದರೂ, ಮಲಗುವ ಮೊದಲು ಹತ್ತು ನಿಮಿಷ. ಒದ್ದೆ ಸಾಮಾನು ಒಂದೆರಡು ದಿನದೊಳಗೆ ಪೂರ್ತಿ ಒಣಗಿದರೆ ಬೂಷ್ಟು ಬೇರೂರಲ್ಲ. ಶೂ ಒಳಗಿನ ಅಟ್ಟೆ ಕಿತ್ತು ಬೇರೆ ಇಡಿ, ಶೂಗೆ ಹಳೇ ಪ್ರಜಾವಾಣಿಯೋ ವಿಜಯ ಕರ್ನಾಟಕವೋ ಮುದುರಿ ತುರುಕಿ, ನಾಲ್ಕೈದು ಗಂಟೆಗೊಮ್ಮೆ ಪೇಪರ್ ಬದಲಿಸಿ. ಬ್ಯಾಗಿನ ಜಿಪ್ ಎಲ್ಲ ತೆಗೆದು, ಹೊರಗೆ ಕೊಡವಿ, ತಲೆಕೆಳಗಾಗಿ ನೇತುಹಾಕಿ. ವಾಸನೆ ಆಗಲೇ ಹಿಡಿದಿದ್ದರೆ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಒದರಿ. ಹತ್ತಿ ಹಾಸಿಗೆಗೆ ಬಿಸಿಲಿಗಿಂತ ಒಳ್ಳೆ ಔಷಧ ಇಲ್ಲ, ಎರಡೂ ಮಗ್ಗುಲು. ರೇನ್‌ಕೋಟು, ಟೆಂಟಿಗೆ ಮಾತ್ರ ನೆರಳಿನ ಗಾಳಿಯೇ ಸರಿ, ದಿನಗಟ್ಟಲೆ ಬಿಸಿಲು ತಿಂದರೆ ನೈಲಾನ್ ಪಿಸಿಯುತ್ತೆ. ಪೂರ್ತಿ ಒಣಗಿದೆ ಅನ್ನಿಸಿದ ಮೇಲೂ ಹೊಲಿಗೆಯ ಜಾಗ, ಪಟ್ಟಿಯ ಬುಡ ಮುಟ್ಟಿ ನೋಡಿ ಮಡಚಿ.