‘ಇಂದ’ ತಂದ ಫಜೀತಿ

ಪುಣೆಯಲ್ಲಿ ಒಂದು ಕೆಲಸದ ಸಂದರ್ಶನ. ‘ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್’ ಅಂದೆ. ಎದುರಿಗಿದ್ದವರು ನಕ್ಕರು, ಮುಂದೆ ನನಗೆ ಮಾತೇ ಹೊರಡಲಿಲ್ಲ. ರೂಮಿನ ಮರಾಠಿ ಗೆಳೆಯನಿಗೆ ಹೇಳಿದರೆ ಅವನಿಗೂ ತಪ್ಪು ಕಾಣಲಿಲ್ಲ!

ಕಾರಣ ಇಷ್ಟೆ. ‘ಎರಡು ವರ್ಷದಿಂದ’, ‘ಸೋಮವಾರದಿಂದ’ – ನಮಗೆ ಎರಡಕ್ಕೂ ಒಂದೇ ‘ಇಂದ’; ಮರಾಠಿಯ ‘ಪಾಸೂನ್’ ಕೂಡ ಹಾಗೇ. ಇಂಗ್ಲಿಷಿನಲ್ಲಿ ಕಾಲದ ಉದ್ದಕ್ಕೆ ‘ಫಾರ್’, ಆರಂಭಕ್ಕೆ ‘ಸಿನ್ಸ್’. ಇಂಥಲ್ಲಿ ನಮ್ಮ ‘ಇದ್ದೇನೆ’ಗೆ ‘ಹ್ಯಾವ್ ಬೀನ್’, ‘ಇದೆ’ಗೆ ‘ಹ್ಯಾಸ್ ಬೀನ್’:

‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್.’
‘ಫರ್ಗ್ಯುಸನ್ ಕಾಲೇಜ್ ಹ್ಯಾಸ್ ಬೀನ್ ಇನ್ ಪುಣೆ ಸಿನ್ಸ್ 1885.’

ಗೆಳೆಯರೆ, ದಿನಕ್ಕೆ ಐದು ‘ಇಂದ’ದ ವಾಕ್ಯ ಬರೆಯಿರಿ. ‘ಎಷ್ಟು ಕಾಲ? ಯಾವಾಗಿನಿಂದ?’ ಎಂದು ಕೇಳಿಕೊಂಡೇ ಇಂಗ್ಲಿಷಿಗೆ ತಿರುಗಿಸಿ. ಕನ್ನಡವನ್ನು ಬಿಟ್ಟಲ್ಲ, ಅದನ್ನು ಸರಿಯಾಗಿ ನೋಡಿಯೇ ನಾನು ಈ ತಪ್ಪು ತಿದ್ದಿಕೊಂಡೆ.