ಇಂಜಿನ್ ಬದಲಿಸುವ ಮೊದಲು ಗಾಳಿ ಪೈಪಿಗೆ ಬೆರಳು ಹಾಕಿ ನೋಡಿ

ಎತ್ತು ಮಾರಿ ಪವರ್ ಟಿಲ್ಲರ್ ತಂದವರಲ್ಲಿ ನಾನೂ ಒಬ್ಬ. ಹುನಗುಂದ-ಇಳಕಲ್ ನಡುವೆ ನಮ್ಮ ಹಳ್ಳಿ. ಮಳೆ ನಂಬಿದ ಎರಿ ಹೊಲ ಐದು ಎಕರೆ. ಬೇರೆ ಒಂದೂವರೆ ಎಕರೆ ಮಸಾರಿಯಲ್ಲಿ ಬೋರಿನ ನೀರಿಗೆ ದಾಳಿಂಬೆ ಹಚ್ಚಿದ್ದೇನೆ. 2021ರಲ್ಲಿ ಗಂಗಾವತಿ ಕಡೆಯ ಭತ್ತದ ರೈತರೊಬ್ಬರ ಹಳೆಯ ಟಿಲ್ಲರ್ ಕೊಂಡೆ. ಹಿಂದೆ ಸೀಟು ಇದೆ, ಕೂತು ಹೊಡೆಯಬಹುದು. ದಾಳಿಂಬೆ ಸಾಲಿನ ನಡುವಿನ ಹುಲ್ಲು ಕೆಡವಲು, ಗೊಬ್ಬರ ಹೇರಲು, ಎರಿ ಹೊಲ ಹರಗಲು ಎಲ್ಲಕ್ಕೂ ಅದೊಂದೇ ಆಧಾರ.

ಆ ಟಿಲ್ಲರಿನ ಇಂಜಿನ್ ನನ್ನ ಕೈಯಲ್ಲಿ ಎರಡು ಸಲ ಕೆಟ್ಟಿತು. ಮೊದಲ ಸಲ ರಿಪೇರಿ ಮಾಡಿಸಿದೆ. ಎರಡನೇ ಸಲ ಇಂಜಿನ್ನನ್ನೇ ಬದಲಿಸಬೇಕಾಯಿತು. ಅದರಿಂದ ಕಲಿತದ್ದನ್ನು ಬರೆದರೆ ನನ್ನಂಥ ಸಣ್ಣ ರೈತರಿಗೆ ನಾಲ್ಕು ಕಾಸು ಉಳಿದೀತು ಅಂತ ಈ ಬರಹ. ನಾನು ಓದಿದ್ದು ಏಳನೇ ಇಯತ್ತೆ. ಇಲ್ಲಿರುವುದು ಕೈಗೆ ಮಸಿ ಹತ್ತಿಸಿಕೊಂಡು ಕಲಿತದ್ದು.

ಎರಡು ಸಲ ಕೆಟ್ಟ ಕಥೆ

2022ರ ಬೇಸಿಗೆಯಲ್ಲಿ ನೀಲಿ ಹೊಗೆ ಶುರುವಾಯಿತು. ಬೆಳಿಗ್ಗೆ ಹ್ಯಾಂಡಲ್ ಹೊಡೆದು ಹೊಡೆದು ರಟ್ಟೆ ಸೋಲುತ್ತಿತ್ತು. ವಾರಕ್ಕೆ ಅರ್ಧ ಲೀಟರ್ ಆಯಿಲ್ ಹಾಕಿದರೂ ಸಾಲದು. ಗ್ಯಾರೇಜಿನಲ್ಲಿ ಲೈನರ್, ಪಿಸ್ಟನ್, ರಿಂಗ್ ಬದಲಿಸಿದರು. 14,500 ರೂಪಾಯಿ ಆಯಿತು. ಹೊಸದರಂತೆ ಓಡಿತು. ಯಾಕೆ ಸವೆಯಿತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2023 ಬರದ ವರ್ಷ. ಮುಂಗಾರಿ ಹೆಸರು ಕೈಗೆ ಬರಲಿಲ್ಲ. ಹಿಂಗಾರಿಗೆ ನಮ್ಮ ಹೊಲಕ್ಕೆ ಒಂದೇ ಹದ ಮಳೆ ಬಿತ್ತು. ಆ ಹಸಿ ಆರುವ ಮೊದಲು ಹರಗಿ ಕಡಲೆ, ಬಿಳಿಜೋಳ ಬಿತ್ತಬೇಕು. ಮತ್ತೆ ನೀಲಿ ಹೊಗೆ ಬರುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಬಿತ್ತನೆ ಮುಗಿಯಲಿ, ಆಮೇಲೆ ನೋಡಿದರಾಯಿತು ಅಂದುಕೊಂಡೆ. ಅವಸರದಲ್ಲಿ ಅಂದು ಆಯಿಲ್ ಕಡ್ಡಿಯನ್ನೂ ನೋಡದೆ ಚಾಲೂ ಮಾಡಿದೆ. ಎರಡು ಎಕರೆ ಹರಗುವಷ್ಟರಲ್ಲಿ ಒಳಗೆ ಕಲ್ಲು ಕುಟ್ಟಿದಂಥ ಸಪ್ಪಳ ಬಂತು. ಹಿಂದೆಯೇ ಧಡ್ ಅಂತ ನಿಂತಿತು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿತ್ತು.

ಮನೆಯಲ್ಲಿ ಎತ್ತಿಲ್ಲ. ಬಾಡಿಗೆ ಟ್ರ್ಯಾಕ್ಟರಿಗೆ ಊರೆಲ್ಲ ಪಾಳಿ. ನನ್ನ ಪಾಳಿ ಬಂದದ್ದು ಹನ್ನೊಂದನೇ ದಿನ. ಅಷ್ಟರಲ್ಲಿ ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿ ಹೋಗಿತ್ತು. ಮೊದಲು ಹರಗಿದ ಎರಡು ಎಕರೆಯನ್ನು ಅಣ್ಣನ ಎತ್ತು, ಕೂರಿಗೆ ಬೇಡಿ ತಂದು ಬಿತ್ತಿದ್ದೆ, ಅಲ್ಲಿ ಕಡಲೆ ಒಂದಿಷ್ಟು ಬಂತು. ಉಳಿದ ಮೂರು ಎಕರೆಯಲ್ಲಿ ಬಿತ್ತಿದ ಬೀಜದಷ್ಟೂ ತಿರುಗಿ ಬರಲಿಲ್ಲ.

ಮಾಲಲ್ಲ, ಮಣ್ಣು

ಒಡೆದ ಇಂಜಿನ್ನನ್ನು ಏರ್ ಕ್ಲೀನರ್ ಸಮೇತ ಬಾಗಲಕೋಟೆಯ ಹಿರಿಯ ಮಿಸ್ತ್ರಿಯೊಬ್ಬರ ಹತ್ತಿರ ಒಯ್ದೆ. ಅವರು ಲೈನರ್ ತಡವಿ ನೋಡಿ, "ಯಜಮಾನ್ರ, ಇದು ಹೋದ ವರ್ಷ ಹಾಕಿದ್ದು ಅಂತೀರಿ. ಇಷ್ಟು ಲಗೂ ಯಾಕ ಸವೀತು?" ಅಂದರು.

"ಮಾಲು ಡುಪ್ಲಿಕೇಟ್ ಇರಬೇಕ್ರಿ" ಅಂದೆ.

ಅವರು ಮಾತಾಡಲಿಲ್ಲ. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ ಒಳಗೆ ಬೆರಳು ಆಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುಂಬ ಗೋಧಿ ಹಿಟ್ಟಿನಂಥ ನುಣುಪು ಮಣ್ಣು. "ಮಾಲಲ್ಲರೀ, ಮಣ್ಣು" ಅಂದರು. ಪೈಪ್ ಬಗ್ಗಿಸಿದಾಗ ಕೆಳಗಿನ ಮಗ್ಗಲಲ್ಲಿ ಉಗುರು ಹೋಗುವಷ್ಟು ಸೀಳು ಕಂಡಿತು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಕ್ಲೀನರ್ ಇದ್ದೂ ಇಲ್ಲದಂತೆ, ಧೂಳು ಆ ಸೀಳಿನಿಂದ ನೇರ ಒಳಗೆ ಹೋಗುತ್ತಿತ್ತು.

ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅಂತ ಮಗಳು ಲೆಕ್ಕ ಮಾಡಿ ತೋರಿಸಿದಳು. ಟಿಲ್ಲರ್ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಎರಡು ಸುತ್ತಿಗೊಮ್ಮೆಯಂತೆ 1000 ಸಲ ಉಸಿರು ಎಳೆಯುತ್ತದೆ. ಒಂದು ಉಸಿರಿಗೆ ಮುಕ್ಕಾಲು ಲೀಟರಿಗಿಂತ ತುಸು ಕಡಿಮೆ ಹಿಡಿಯಿರಿ. ನಿಮಿಷಕ್ಕೆ ಸುಮಾರು 650 ಲೀಟರ್, ತಾಸಿಗೆ 39 ಸಾವಿರ ಲೀಟರ್ ಗಾಳಿ! ಅದೂ ರೋಟವೇಟರ್ ಎಬ್ಬಿಸಿದ ಧೂಳಿನ ನಡುವೆ.

ಉಸುಕಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಬಾದಾಮಿ ಕಡೆಯ ಉಸುಕು ಮಸಾರಿ ಇರಲಿ, ಇಳಕಲ್ಲಿನ ಗ್ರಾನೈಟ್ ಗಣಿ ರಸ್ತೆಯ ಧೂಳು ಇರಲಿ, ಆಯಿಲ್ ಜೊತೆ ಸೇರಿದರೆ ಅರದಂತೆ ಕೆಲಸ ಮಾಡುತ್ತದೆ. ಮೊದಲು ರಿಂಗ್, ಲೈನರ್ ಸವೆಯುತ್ತವೆ. ಆಯಿಲ್ ಮೇಲೆ ಹತ್ತಿ ಉರಿಯುತ್ತದೆ, ಅದೇ ನೀಲಿ ಹೊಗೆ. ತಳದಲ್ಲಿ ಆಯಿಲ್ ಕಡಿಮೆಯಾದರೆ ಬೇರಿಂಗ್ ಒಣಗಿ ಹಿಡಿಯುತ್ತದೆ, ರಾಡ್ ಮುರಿಯುತ್ತದೆ. ನೂರೆಂಬತ್ತು ರೂಪಾಯಿಯ ಪೈಪಿನಿಂದ ಶುರುವಾದದ್ದು ನನ್ನ ಬಿತ್ತನೆಗೆ ಬಂದು ನಿಂತಿತು.

ಇನ್ನೊಂದು ಮಾತು. ಪವರ್ ಟಿಲ್ಲರ್ ನಮ್ಮ ದೇಶಕ್ಕೆ ಬಂದದ್ದು ಜಪಾನಿನಿಂದ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಮಿತ್ಸುಬಿಷಿ ಜೊತೆ ಸೇರಿ ಶುರುವಾಯಿತು. ಕೇರಳದ ಕಾಮ್ಕೊ 1973ರದು. ಹೆಚ್ಚಾಗಿ ಇವು ದುಡಿದದ್ದು ಭತ್ತದ ಕೆಸರಿನಲ್ಲಿ. ಕೆಸರಿನಲ್ಲಿ ಧೂಳು ಏಳುವುದಿಲ್ಲ. ಗಂಗಾವತಿಯವರು ವಾರಕ್ಕೊಮ್ಮೆ ಏರ್ ಕ್ಲೀನರ್ ತೊಳೆದರೆ ನಡೆಯುತ್ತಿತ್ತು. ಅದೇ ರೂಢಿಯನ್ನು ನಾನು ಒಣ ಹೊಲಕ್ಕೆ ತಂದೆ. ತಪ್ಪು ಯಂತ್ರದ್ದಲ್ಲ, ನನ್ನದು.

ರಿಪೇರಿಯೋ, ಬದಲಿಯೋ?

ಹೊಗೆ ಕಂಡ ಕೂಡಲೇ ಇಂಜಿನ್ ಬದಲಿಸಬೇಕಿಲ್ಲ. ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ಕಟ್ಟಿದೆಯೇ, ನೊಜಲ್ ಸರಿ ಇದೆಯೇ, ಭಾರ ಹೆಚ್ಚಾಯಿತೇ ನೋಡಿ. ನೀಲಿ ಹೊಗೆ ಜೊತೆ ಆಯಿಲ್ ಇಳಿಯುತ್ತಿದ್ದರೆ ಸವೆತ ಅಂತ ತಿಳಿಯಿರಿ.

ಡೀಸೆಲ್ ಬಂದ್ ಮಾಡಿ, ಡಿಕಂಪ್ರೆಶನ್ ಎತ್ತದೆ ನಿಧಾನ ಹ್ಯಾಂಡಲ್ ತಿರುಗಿಸಿ. ಒಳ್ಳೆಯ ಇಂಜಿನ್ ಎತ್ತಿನಂತೆ ಹೆಗಲು ಕೊಟ್ಟು ತಡೆಯುತ್ತದೆ. ಸಲೀಸಾಗಿ ತಿರುಗಿದರೆ ಕಂಪ್ರೆಶನ್ ಹೋಗಿದೆ. ಆಗ ನೊಜಲ್ ಬಿಚ್ಚಿ ಆ ತೂತಿನಿಂದ ಒಂದೆರಡು ಚಮಚ ಆಯಿಲ್ ಹಾಕಿ, ನಾಲ್ಕಾರು ಸುತ್ತು ತಿರುಗಿಸಿ, ನೊಜಲ್ ಕೂಡಿಸಿ ಮತ್ತೆ ನೋಡಿ. ತಡೆ ಹೆಚ್ಚಾದರೆ ರಿಂಗ್-ಲೈನರ್ ಸವೆದಿವೆ. ಹೆಚ್ಚಾಗದಿದ್ದರೆ ವಾಲ್ವ್ ಕಡೆ ಸಂಶಯ ಪಡಿ.

ಲೈನರ್-ಪಿಸ್ಟನ್ ಅಷ್ಟೇ ಹೋಗಿದ್ದರೆ ರಿಪೇರಿಯೇ ಲೇಸು. ಕ್ರ್ಯಾಂಕ್ ಈಗಾಗಲೇ ಮಸೆಸಿ ಮಸೆಸಿ ಸಣ್ಣದಾಗಿದ್ದರೆ ಅಥವಾ ಬ್ಲಾಕ್ ಒಡೆದಿದ್ದರೆ ಬದಲಿಸುವುದೇ ಸರಿ. ರಿಪೇರಿ ಖರ್ಚು ಬದಲಿ ಇಂಜಿನ್ನಿನ ಬೆಲೆಯ ಅರ್ಧ ದಾಟಿದರೆ ನಾನಂತೂ ಬದಲಿಸುತ್ತೇನೆ.

ಹೊಂದುವ ಇಂಜಿನ್ ಹುಡುಕುವುದು

ಒಬ್ಬರು ಕಡಿಮೆ ರೇಟಿಗೆ ನೀರೆತ್ತುವ ಇಂಜಿನ್ ತೋರಿಸಿದ್ದರು. ಅಶ್ವಶಕ್ತಿ ಒಂದೇ ಇದ್ದರೆ ಸಾಲದು ಅಂತ ಮಿಸ್ತ್ರಿ ಬಿಡಿಸಿದರು. ನೋಡಬೇಕಾದದ್ದು ಇಷ್ಟು:

1. ತಿರುಗುವ ದಿಕ್ಕು. ಉಲ್ಟಾ ತಿರುಗುವ ಇಂಜಿನ್ ಕೂಡಿಸಿದರೆ ಮುಂದಿನ ಗೇರ್ ಹಾಕಿದಾಗ ಟಿಲ್ಲರ್ ಹಿಂದಕ್ಕೆ ಹೋಗುತ್ತದೆ.

2. ಬೋಲ್ಟಿನ ತೂತುಗಳ ಅಂತರ. ಹಳೆಯ ಇಂಜಿನ್ನಿನ ತಳಕ್ಕೆ ರಟ್ಟು ಹಿಡಿದು ತೂತು ಗುರುತು ಮಾಡಿ, ಆ ರಟ್ಟು ಒಯ್ಯಿರಿ. ಟೇಪಿಗಿಂತ ರಟ್ಟು ನಂಬಿಗಸ್ತ.

3. ಶಾಫ್ಟಿನ ದಪ್ಪ, ಎತ್ತರ, ಪುಲ್ಲಿ ಇರುವ ಮಗ್ಗಲು, ಬೆಲ್ಟಿನ ಗಾಡಿಗಳ ಸಂಖ್ಯೆ ಮತ್ತು ಅಗಲ.

4. ಸುತ್ತು. ಹಳೆಯದು 2400 ಸುತ್ತಿನದು, ಪುಲ್ಲಿ 5 ಇಂಚು ಅಂತ ಇಟ್ಟುಕೊಳ್ಳಿ. ಗುಣಿಸಿದರೆ 12,000. ಬದಲಿ ಇಂಜಿನ್ 2000 ಸುತ್ತಿನದಾದರೆ 12,000ವನ್ನು 2000ದಿಂದ ಭಾಗಿಸಿ. 6 ಇಂಚಿನ ಪುಲ್ಲಿ ಬೇಕು. ಇಲ್ಲದಿದ್ದರೆ ಟಿಲ್ಲರ್ ನಿಧಾನ ಆಗುತ್ತದೆ.

5. ಶಕ್ತಿ. ಹೆಚ್ಚು ಶಕ್ತಿಯ ಇಂಜಿನ್ ಕೂಡಿಸಿದರೆ ಕ್ಲಚ್, ಗೇರ್ ಬಾಕ್ಸ್ ತಡೆಯಲಾರವು.

ಅದೇ ಮಾದರಿಯ ಇಂಜಿನ್ ಸಿಕ್ಕರೆ ಈ ಯಾವ ತಾಪತ್ರಯವೂ ಇಲ್ಲ. ನನಗೆ ಗುಜರಿಗೆ ಹೊರಟ ಟಿಲ್ಲರಿನದೊಂದು ಸಿಕ್ಕಿತು. ಕೊಳ್ಳುವ ಮುಂಚೆ ತಣ್ಣಗಿರುವಾಗ ಚಾಲೂ ಮಾಡಿಸಿ ನೋಡಿ. ಬೆಳಿಗ್ಗೆಯೇ ಕಾಸಿ ಇಟ್ಟಿದ್ದರೆ ದೋಷ ತಿಳಿಯುವುದಿಲ್ಲ. ಬಿಲ್ಲಿನ ಮೇಲೆ ಇಂಜಿನ್ ನಂಬರ್ ಬರೆಸಿಕೊಳ್ಳಿ. ಟಿಲ್ಲರ್ ಸಾಲದ ಮೇಲಿದ್ದರೆ ಬ್ಯಾಂಕಿಗೆ, ನೋಂದಣಿ ಆಗಿದ್ದರೆ ಆರ್‌ಟಿಒ ಕಚೇರಿಗೆ ಹೊಸ ನಂಬರ್ ತಿಳಿಸಿ.

ಬಿಚ್ಚುವುದು, ಕೂಡಿಸುವುದು

2024ರ ಬನಶಂಕರಿ ಜಾತ್ರೆ ಮುಗಿದ ವಾರ ಕೆಲಸ ಹಿಡಿದೆವು. ಹಳೆಯದನ್ನು ನಾನೇ ಬಿಚ್ಚಿದ್ದಾಗ ಮಾಡಿದ ಒಂದು ತಪ್ಪು ಮೊದಲು ಹೇಳುತ್ತೇನೆ. ಇಂಜಿನ್ ನೂರು ಕಿಲೋಕ್ಕಿಂತ ಹೆಚ್ಚು ಭಾರ, ಟಿಲ್ಲರಿನ ಮುಂದೆ ಕೂತಿರುತ್ತದೆ. ಅದನ್ನು ಎತ್ತಿದ ಕೂಡಲೇ ಯಂತ್ರ ಹಿಂದಕ್ಕೆ ವಾಲಿತು. ತಮ್ಮನ ಮಗನ ಕಾಲು ಗೇಣು ಅಂತರದಲ್ಲಿ ಉಳಿಯಿತು. ಆದ್ದರಿಂದ ಮೊದಲೇ ಹಿಂದೆ, ಗೇರ್ ಬಾಕ್ಸಿನ ಕೆಳಗೆ ಕಲ್ಲು ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು ಗಟ್ಟಿ ಮಾಡಿ.

ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಡೀಸೆಲ್ ಬಂದ್ ಮಾಡಿ, ರೇಡಿಯೇಟರ್ ನೀರು ಬಿಟ್ಟು, ಎಕ್ಸಲೇಟರ್ ವಾಯರ್, ಬೆಲ್ಟ್ ಕಳಚಿ, ಆಮೇಲೆ ತಳದ ಬೋಲ್ಟಿಗೆ ಪಾನಾ ಹಚ್ಚಿ. ನಾವು ಬೇವಿನ ಗಿಡದ ದಪ್ಪ ಟೊಂಗೆಗೆ ಚೈನ್ ಪುಲ್ಲಿ ಕಟ್ಟಿ ಎತ್ತಿದೆವು. ಎತ್ತಿದ ಇಂಜಿನ್ನಿನ ಕೆಳಗೆ ಯಾರೂ ಕೈ, ಕಾಲು ಚಾಚಬಾರದು.

ಕೂಡಿಸುವಾಗ ಎರಡೂ ಪುಲ್ಲಿ ಒಂದೇ ಸಾಲಿಗೆ ಬರಬೇಕು. ಪಕ್ಕದ ಮನೆಯ ನೇಕಾರರು ಕೊಟ್ಟ ಗಟ್ಟಿ ನೂಲನ್ನು ಎರಡೂ ಪುಲ್ಲಿಯ ಮುಖಕ್ಕೆ ಬಿಗಿಯಾಗಿ ಹಿಡಿದೆವು. ನೂಲು ನಾಲ್ಕೂ ಅಂಚಿಗೆ ತಾಗಿದರೆ ಸಾಲು ಸರಿ. ಒಂದು ಕಡೆ ಬಿಟ್ಟರೆ ಬೆಲ್ಟ್ ತಿಂಗಳಲ್ಲಿ ಹರಿಯುತ್ತದೆ. ಬೆಲ್ಟುಗಳನ್ನು ಎಲ್ಲ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದು ಹಾಕಿದರೆ ಎಲ್ಲ ಭಾರ ಹೊಸದರ ಮೇಲೆ ಬೀಳುತ್ತದೆ. ನಡುವೆ ಬೆರಳಿಂದ ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು.

ಡೀಸೆಲ್ ದಾರಿಯಲ್ಲಿ ಗಾಳಿ ಉಳಿದಿದ್ದರೆ ಚಾಲೂ ಆಗದು. ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ನೊಜಲಿನ ಮುಂದೆ ಕೈ ಹಿಡಿಯಬೇಡಿ, ಆ ಚಿಮ್ಮುವಿಕೆ ಚರ್ಮದೊಳಗೆ ಹೋಗುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಮಗ್ಗಲಲ್ಲೇ ಇರಲಿ. ತಿರುಗಿ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ಹಳೆಯ ಇಂಜಿನ್ ತಂದರೆ ಅದರಲ್ಲಿದ್ದ ಆಯಿಲ್ ನಂಬಬೇಡಿ, ಚೆಲ್ಲಿ ಹೊಸದು ಹಾಕಿ. ಒಂದು ತಾಸು ಓಡಿದ ಮೇಲೆ ತಳದ ಬೋಲ್ಟು, ಬೆಲ್ಟು ಮತ್ತೆ ಬಿಗಿ ಮಾಡಿ. ಹೊಸ ಲೈನರ್-ಪಿಸ್ಟನ್ ಹಾಕಿದ ಇಂಜಿನ್ನಾದರೆ ಮೊದಲ 25 ತಾಸು ಹಗುರ ಕೆಲಸ ಮಾಡಿಸಿ, ನಂತರ ಆಯಿಲ್ ಬದಲಿಸಿ.

ಈಗಿನ ರೂಢಿ

ಖರ್ಚಿನ ಲೆಕ್ಕ ಇದು: ಇಂಜಿನ್ 32,000, ಬೆಲ್ಟ್, ಪೈಪ್, ಆಯಿಲ್ 3,200, ಮಿಸ್ತ್ರಿ ಕೂಲಿ 2,500, ಗಾಡಿ ಬಾಡಿಗೆ 1,500. ಒಟ್ಟು 39,200 ರೂಪಾಯಿ. ಮೊದಲ ರಿಪೇರಿ ಸೇರಿದರೆ 53,700. ಮೂರು ಎಕರೆ ಕಡಲೆ-ಜೋಳ ಹೋದದ್ದು ಬೇರೆ.

ಈಗ ಒಣ ಹೊಲದಲ್ಲಿ ಕೆಲಸ ಇದ್ದ ದಿನ ಬೆಳಿಗ್ಗೆ ನೋಡುವುದು ಮೂರೇ. ಆಯಿಲ್ ಕಡ್ಡಿ, ಸಮ ನೆಲದಲ್ಲಿ ನಿಲ್ಲಿಸಿ. ಏರ್ ಕ್ಲೀನರಿನ ಬಟ್ಟಲು, ಕೆಸರಾಗಿದ್ದರೆ ಡೀಸೆಲ್‌ನಲ್ಲಿ ತೊಳೆದು ಗುರುತಿನವರೆಗೆ ಹೊಸ ಆಯಿಲ್. ಮೂರನೆಯದು ರಬ್ಬರ್ ಪೈಪ್, ಬಗ್ಗಿಸಿ ಕೆಳಗಿನ ಮಗ್ಗಲು ನೋಡಬೇಕು, ಕ್ಲಿಪ್ ಬಿಗಿ ಇರಬೇಕು. ತಿಂಗಳಿಗೊಮ್ಮೆ ಪೈಪ್ ಬಿಚ್ಚಿ ಒಳಗೆ ಬೆರಳು ಆಡಿಸುತ್ತೇನೆ. ಬೆರಳಿಗೆ ಮಣ್ಣು ಹತ್ತಿದರೆ ಅಂದು ಟಿಲ್ಲರ್ ಹೊರಗೆ ತೆಗೆಯುವುದಿಲ್ಲ. ಎಲ್ಲ ಸೇರಿ ಒಂದು ಚಹಾ ಕುಡಿಯುವಷ್ಟು ಹೊತ್ತು.

ಇಂಜಿನ್ ಬದಲಿಸಬೇಕಾಗಿ ಬಂದವರಿಗೆ ಒಂದೇ ಮಾತು. ಹಳೆಯದು ಯಾಕೆ ಸತ್ತಿತು ಅಂತ ತಿಳಿಯದೆ ಹೊಸದನ್ನು ಕೂಡಿಸಬೇಡಿ. ಕಾರಣ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಎತ್ತು ಇಲ್ಲದ ಮನೆಯಲ್ಲಿ, ಹದ ಮಳೆ ಬಿದ್ದ ದಿನ ಯಂತ್ರ ನಿಂತರೆ ಏನಾಗುತ್ತದೆ ಎಂಬುದು ಒಣಬೇಸಾಯದವರಿಗೆ ನಾನು ಹೇಳಬೇಕಿಲ್ಲ.