ಓಟದ ಲೆಕ್ಕ ಕ್ಯಾಲೆಂಡರಿನಲ್ಲಿ

ಗೋವಾದ ವಾಸ್ಕೊ, ಜುವಾರಿನಗರದ ಕಡೆ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಯಿಂದ ಬಂದ ನಮ್ಮ ಜನ ಬಹಳ. ವಾಸ್ಕೊ ಪಕ್ಕದ ಚಿಕಲಿಂನಲ್ಲಿ ಡಿಸೆಂಬರ್ ತಿಂಗಳಲ್ಲಿ ‘ಗೋವಾ ರಿವರ್ ಮ್ಯಾರಥಾನ್’ ನಡೆಯುತ್ತದೆ. ಜುವಾರಿ ನದಿಯ ಬದಿಯ ರಸ್ತೆಯಲ್ಲಿ ಸಾವಿರಾರು ಜನ ಓಡುತ್ತಾರೆ. ನೀವೂ ನೋಡಿರಬಹುದು. “ನಾನೂ ಒಂದು ಕೈ ನೋಡಲೇನ್ರೀ?” ಅನಿಸಿರಬಹುದು. ಓಡಬಹುದು. ಆದರೆ ಲೆಕ್ಕ ಹಾಕಿ ಓಡಬೇಕು.

ಯಾಕೆ ಲೆಕ್ಕ? ನಾವು ಕೈಕಾಲು ನಂಬಿ ದುಡಿಯುವವರು. ಕಾಲು ಉಳುಕಿದರೆ ಓಟ ಮಾತ್ರ ಅಲ್ಲ, ಆ ವಾರದ ಕೂಲಿಯೂ ಹೋಗುತ್ತದೆ.

ದೂರ ಓದಲು ಕಲಿಯಿರಿ

ಪೂರ್ತಿ ಮ್ಯಾರಥಾನ್ 42.195 ಕಿ.ಮೀ. ಅಂದರೆ 42 ಕಿಲೋಮೀಟರ್, 195 ಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ ಇದು. ಮುಂದೆ 1921ರಲ್ಲಿ ಇದೇ ಅಳತೆ ಗಟ್ಟಿಯಾಯಿತು. ಅದರ ಅರ್ಧ, ಸುಮಾರು 21.1 ಕಿ.ಮೀ., ಹಾಫ್ ಮ್ಯಾರಥಾನ್. 10 ಕಿ.ಮೀ., 5 ಕಿ.ಮೀ. ಓಟಗಳೂ ಇವೆ. ಮೊದಲ ವರ್ಷ 10 ಕಿ.ಮೀ. ಸಾಕು.

ಒಂದೇ ದೊಡ್ಡ ಓಟ

ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಾರ್ಚ್ ದಾಟಿದರೆ ಸೆಕೆ. ಹೀಗಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಓಟದ ಕಾಲ. ಸಿಕ್ಕ ಓಟಕ್ಕೆಲ್ಲ ಹೆಸರು ಕೊಡಬೇಡಿ. ಪ್ರತಿಯೊಂದಕ್ಕೂ ಶುಲ್ಕವಿದೆ, ದೇಹಕ್ಕೂ ದಣಿವಿದೆ. ಡಿಸೆಂಬರ್‌ನ 10 ಕಿ.ಮೀ. ನಿಮ್ಮ ದೊಡ್ಡ ಓಟ ಅಂತ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಗೆ ಒಂದು 5 ಕಿ.ಮೀ. ಓಟ ಬರೀ ಅಭ್ಯಾಸಕ್ಕೆ. ದೊಡ್ಡ ಓಟ ಮುಗಿದ ಮೇಲೆ ಎರಡು ವಾರ ವಿಶ್ರಾಂತಿ. ಆಮೇಲೆ ಬೇಕಾದರೆ ಫೆಬ್ರವರಿಯಲ್ಲಿ ಇನ್ನೊಂದು.

ಹಿಂದಕ್ಕೆ ಎಣಿಸಿ

ಕ್ಯಾಲೆಂಡರಿನಲ್ಲಿ ಓಟದ ದಿನಕ್ಕೆ ಕೆಂಪು ಗುರುತು ಹಾಕಿ. ಅಲ್ಲಿಂದ ಹಿಂದಕ್ಕೆ 16 ವಾರ ಎಣಿಸಿ. ಬೆರಳು ಆಗಸ್ಟ್‌ಗೆ ಬಂದು ನಿಲ್ಲುತ್ತದೆ. ಅಂದೇ ಶುರು.

ಮೊದಲ 4 ವಾರ: ವಾರಕ್ಕೆ 3 ದಿನ. 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ ಅರ್ಧ ಗಂಟೆ.

5ರಿಂದ 14ನೇ ವಾರ: ಭಾನುವಾರ ಉದ್ದದ ಓಟ. ಹಿಂದಿನ ವಾರ 4 ಕಿ.ಮೀ. ಆಗಿದ್ದರೆ ಈ ವಾರ 5. ಒಮ್ಮೆಲೇ 8 ಬೇಡ. ಮೂರು ವಾರ ಹೆಚ್ಚಿಸಿ, ನಾಲ್ಕನೇ ವಾರ ಇಳಿಸಿ.

ಕೊನೆಯ 2 ವಾರ: ಓಟ ಕಡಿಮೆ, ನಿದ್ದೆ ಜಾಸ್ತಿ.

ಸ್ಲ್ಯಾಬ್ ಹಾಕಿದ ದಿನ, ಮೂಟೆ ಹೊತ್ತ ದಿನ ಓಡಬೇಡಿ. ಪುಸ್ತಕದಲ್ಲಿ ‘ವಿಶ್ರಾಂತಿ’ ಅಂತ ಬರೆಯಿರಿ. ಅದು ಸೋಮಾರಿತನ ಅಲ್ಲ. ಕಾಲಿಗೆ ಬಲ ಬರುವುದು ವಿಶ್ರಾಂತಿಯಲ್ಲೇ.

ಎಚ್ಚರ

ವಯಸ್ಸು 40 ದಾಟಿದ್ದರೆ, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕಾಣಿ. ಓಡುವಾಗ ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿ, ಸಹಾಯ ಕೇಳಿ. ಸಮುದ್ರದ ಸೀಮೆಯಲ್ಲಿ ಬೆವರು ಬೇಗ ಆರುವುದಿಲ್ಲ, ಮೈ ಬೇಗ ಕಾಯುತ್ತದೆ. ಬೆಳಗ್ಗೆ ಬೇಗ ಓಡಿ. ಓಡಿ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ರಸ್ತೆಯಲ್ಲಿ ಎದುರು ಬರುವ ಗಾಡಿ ಕಾಣುವಂತೆ ಬಲಬದಿಯಲ್ಲಿ ಓಡಿ, ತಿಳಿ ಬಣ್ಣದ ಅಂಗಿ ಹಾಕಿ.

ಅರ್ಜಿ ನೀವೇ ತುಂಬಿ

ಹೆಸರು, ಹುಟ್ಟಿದ ದಿನಾಂಕ, ರಕ್ತದ ಗುಂಪು, ತುರ್ತಿಗೆ ಮನೆಯವರ ಫೋನ್ ನಂಬರು ಕೇಳುತ್ತಾರೆ. ಇಂಗ್ಲಿಷ್ ಅರ್ಜಿ ಆದರೆ ಬಲ್ಲವರಿಂದ ಓದಿಸಿಕೊಂಡು, ಅರ್ಥ ಮಾಡಿಕೊಂಡೇ ಸಹಿ ಹಾಕಿ. ಕೊನೆಯ ದಿನಾಂಕ, ಶುಲ್ಕ ವಾಪಸು ಬರುತ್ತದೋ ಇಲ್ಲವೋ ನೋಡಿ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ಕೈಗೆ ಇದೂ ಒಂದು ಓಟವೇ.

ಮೊದಲು ಬರುವವರು ಕೆಲವರೇ. ಕಾಲು ನೋಯಿಸಿಕೊಳ್ಳದೆ ಗೆರೆ ದಾಟಿ, ಸೋಮವಾರ ಕೆಲಸಕ್ಕೆ ಹೋದರೆ ಅದೇ ನಿಮ್ಮ ಗೆಲುವು.

ಅಭ್ಯಾಸ

1. ಓಟ ಡಿಸೆಂಬರ್ 14ಕ್ಕೆ ಇದೆ. ಹಿಂದಕ್ಕೆ 4 ವಾರ ಎಣಿಸಿ. ಯಾವ ದಿನಾಂಕ ಬರುತ್ತದೆ?
2. ವಾರದ 7 ದಿನ ಬರೆಯಿರಿ. 3 ದಿನ ‘ಓಟ’, 4 ದಿನ ‘ವಿಶ್ರಾಂತಿ’ ಎಂದು ತುಂಬಿ. ನಿಮಗೆ ಭಾರದ ಕೆಲಸ ಇರುವ ದಿನ ಯಾವುದು?
3. ನಿಮ್ಮ ರಕ್ತದ ಗುಂಪು ಯಾವುದು? ತಿಳಿದುಕೊಂಡು ಬರೆಯಿರಿ.